ಗರಡಿಯ ಶ್ರಮ, ನೀರಿನ ವಿಶ್ರಾಂತಿ: ಏಕಸಂಬಿ ಪರಿಸರದ ಕುಸ್ತಿ ಪರಂಪರೆಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲೂಕಿನ ಏಕಸಂಬಿಯು ಇತಿಹಾಸದ ಅಭ್ಯಾಸಿಗಳಿಗೆ ಹೊಸ ಹೆಸರಲ್ಲ. ಶಿಲಾಹಾರರ ಸೇನಾನಿ ಕಾಲಣನು 12ನೆಯ ಶತಮಾನದಲ್ಲಿ ಇಲ್ಲಿ ನೇಮಿನಾಥ ಬಸದಿಯನ್ನು ಕಟ್ಟಿಸಿದ ಸಂಗತಿಯು ಶಾಸನದಿಂದ ವಿದಿತವಾಗಿದೆ. ಜೈನ ಯಾಪನೀಯ ಸಂಘದ ಚರಿತ್ರೆಯನ್ನು ಬರೆಯುವವರು ಈ ಊರನ್ನು ಮರೆಯುವಂತಿಲ್ಲ. ಆದರೆ 20ನೆಯ ಶತಮಾನದಲ್ಲಿ ಏಕಸಂಬಿಯ ಹೆಸರನ್ನು ದೇಶದ ಉದ್ದಗಲಕ್ಕೂ ಕೊಂಡೊಯ್ದದ್ದು ಕುಸ್ತಿ. ಈ ಊರಿನಲ್ಲಿ ಹುಟ್ಟಿ, ಕೊಲ್ಹಾಪುರದ ತಾಲೀಮಿನಲ್ಲಿ ಪಳಗಿದ ಶ್ರೀಪತಿ ಖಂಚನಾಳೆಯವರು 1959ರಲ್ಲಿ ದೆಹಲಿಯಲ್ಲಿ ಪಂಜಾಬದ ಬಂತಾ ಸಿಂಗರನ್ನು ಸೋಲಿಸಿ ಮೊಟ್ಟಮೊದಲ ಹಿಂದ್ ಕೇಸರಿ ಎನಿಸಿದರು. 2020ರ ಡಿಸೆಂಬರಿನಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡಾಗ, ಒಂದು ಯುಗದ ದೇಹಸಂಸ್ಕೃತಿಯ ಪ್ರತಿನಿಧಿಯೊಬ್ಬರು ಕಣ್ಮರೆಯಾದಂತಾಯಿತು.

ಈ ದೇಹಸಂಸ್ಕೃತಿಯ ಒಂದು ಅಂಗವನ್ನು ಮಾತ್ರ ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ. ಕಠಿಣ ಶ್ರಮದ ನಂತರ ದಣಿದ ಮೈಯನ್ನು ಮರಳಿ ಸಜ್ಜುಗೊಳಿಸುವ ಕ್ರಮ ಯಾವುದಾಗಿತ್ತು? ಅದರಲ್ಲಿ ನೀರಿನ ಸ್ಥಾನವೇನು? ಇಂದು ಕ್ರೀಡಾಕೇಂದ್ರಗಳಲ್ಲಿ ಮಂಜುಗಡ್ಡೆ ತುಂಬಿದ ತೊಟ್ಟಿಯಲ್ಲಿ ಹತ್ತು ಹದಿನೈದು ನಿಮಿಷ ಮುಳುಗಿ ಕುಳಿತುಕೊಳ್ಳುವ ಪದ್ಧತಿ ಬೇರೂರಿದೆ. ಅದರ ಬೆನ್ನಲ್ಲೇ, ‘ಇದು ನಮ್ಮ ಪೈಲವಾನರಿಗೆ ಹಿಂದಿನಿಂದಲೂ ಗೊತ್ತಿದ್ದದ್ದೇ’ ಎಂಬ ಮಾತು ಕೇಳಿಬರುತ್ತಿದೆ. ಅಭಿಮಾನದ ಈ ಮಾತನ್ನು ಆಕರಗಳ ಎದುರಿಗಿಟ್ಟು ನೋಡುವುದು ಅವಶ್ಯವಾಗಿದೆ.

ಶಾಸ್ತ್ರಗ್ರಂಥಗಳ ಸಾಕ್ಷ್ಯ

ವ್ಯಾಯಾಮ ಮತ್ತು ಸ್ನಾನಗಳ ಸಂಬಂಧವನ್ನು ಆಯುರ್ವೇದದ ಮೂಲಗ್ರಂಥಗಳು ವಿವರವಾಗಿಯೇ ಚರ್ಚಿಸಿವೆ. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನವು ಸ್ನಾನವು ಶ್ರಮವನ್ನೂ ಬೆವರನ್ನೂ ಬಾಯಾರಿಕೆಯನ್ನೂ ಕಳೆಯುತ್ತದೆಂದು ಹೇಳುತ್ತದೆ. ಆದರೆ ಅದೇ ಪ್ರಕರಣದಲ್ಲಿ, ಚಳಿಗಾಲದಲ್ಲಿ ಅತಿ ತಣ್ಣನೆಯ ನೀರಿನ ಸ್ನಾನವು ಕಫವಾತಗಳನ್ನು ಕೆರಳಿಸುತ್ತದೆ, ಬೇಸಿಗೆಯಲ್ಲಿ ಅತಿ ಬಿಸಿನೀರಿನ ಸ್ನಾನವು ಪಿತ್ತರಕ್ತಗಳನ್ನು ಹೆಚ್ಚಿಸುತ್ತದೆ ಎಂಬ ಎಚ್ಚರಿಕೆಯೂ ಇದೆ. ಅಷ್ಟಾಂಗಹೃದಯವು ಶಕ್ತಿಯ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕೆಂದೂ ಬಳಿಕ ಮೈಯನ್ನೆಲ್ಲ ಹಿತವಾಗಿ ತಿಕ್ಕಬೇಕೆಂದೂ ವಿಧಿಸುತ್ತದೆ. ಚರಕಸಂಹಿತೆಯು ಅತಿವ್ಯಾಯಾಮದಿಂದ ಬಳಲಿಕೆ, ಕ್ಷಯ, ಕೆಮ್ಮು, ಜ್ವರಗಳು ಬರುತ್ತವೆಂದು ಎಣಿಸುತ್ತದೆ. ಈ ಗ್ರಂಥಗಳ ದೃಷ್ಟಿಯಲ್ಲಿ ದಣಿವಿಗೆ ಮೊದಲ ಔಷಧ ಮಿತಿ, ಎರಡನೆಯದು ಮರ್ದನ. ಋತುವಿಗೆ ಒಪ್ಪುವ ಸ್ನಾನ ಅನಂತರದ್ದು. ಅತಿಶೀತವು ಇಲ್ಲಿ ಚಿಕಿತ್ಸೆಯ ಸ್ಥಾನದಲ್ಲಿಲ್ಲ, ದೋಷದ ಸ್ಥಾನದಲ್ಲಿದೆ.

ಕನ್ನಡನಾಡಿನ ಮಟ್ಟಿಗೆ ಅತ್ಯಂತ ಮಹತ್ವದ ಆಕರವೆಂದರೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’. 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿತವಾದ ಈ ಸಂಸ್ಕೃತ ವಿಶ್ವಕೋಶವು ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬ ಹೆಸರಿನಿಂದಲೂ ಪ್ರಸಿದ್ಧವಾಗಿದೆ. ಅದರ ‘ಮಲ್ಲವಿನೋದ’ ಪ್ರಕರಣವು ಮಲ್ಲರ ಶ್ರೇಣಿ, ಆಹಾರ, ಅಭ್ಯಾಸ, ಪಟ್ಟುಗಳನ್ನು ವಿವರಿಸುತ್ತದೆ. ಅಲ್ಲಿ ಮಲ್ಲರ ಅಭ್ಯಾಸಗಳನ್ನು ‘ಶ್ರಮ’ ಎಂಬ ಪದದಿಂದಲೇ ಗುರುತಿಸಲಾಗಿದೆ. ಭಾರವನ್ನೆತ್ತುವುದು ಭಾರಶ್ರಮ, ನಡೆಯುವುದು ಭ್ರಮಣಶ್ರಮ, ಕಂಬದ ಮೇಲಿನ ಅಭ್ಯಾಸ ಸ್ತಂಭಶ್ರಮ. ಇವುಗಳ ಸಾಲಿನಲ್ಲಿಯೇ ನೀರಿಗಿಳಿದು ಮಾಡುವ ಸಲಿಲಶ್ರಮವೂ ಬರುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಮಾನಸೋಲ್ಲಾಸಕಾರನಿಗೆ ಮಲ್ಲನ ನೀರು ವಿಶ್ರಾಂತಿಯ ಸಾಧನವಲ್ಲ, ದುಡಿಮೆಯ ಸಾಧನ. ಎಣ್ಣೆಮಜ್ಜನದ ಸುಖವನ್ನು ಹೇಳುವ ‘ಸ್ನಾನಭೋಗ’ವು ಅದೇ ಗ್ರಂಥದಲ್ಲಿ ಬೇರೊಂದು ವಿಂಶತಿಯಲ್ಲಿ, ಅರಸನ ಉಪಭೋಗಗಳ ನಡುವೆ ಇದೆ. ದುಡಿಸುವ ನೀರು ಮಲ್ಲನಿಗೆ, ಸುಖದ ನೀರು ಅರಸನಿಗೆ ಎಂಬ ಈ ವಿಂಗಡಣೆಯನ್ನು ಮರೆತು, ಸಲಿಲಶ್ರಮವನ್ನು ಇಂದಿನ ಶೀತಜಲ ಮಜ್ಜನದ ಪೂರ್ವರೂಪವೆಂದು ಓದುವುದು ಗ್ರಂಥಕ್ಕೆ ಮಾಡುವ ಅನ್ಯಾಯವಾಗುತ್ತದೆ.

ಗರಡಿಯ ದಿನಚರಿ

ಚಿಕ್ಕೋಡಿ, ನಿಪ್ಪಾಣಿ ಭಾಗದ ಕುಸ್ತಿಯು ಕೊಲ್ಹಾಪುರದ ಕುಸ್ತಿಯೊಂದಿಗೆ ಬಿಡಿಸಲಾಗದಂತೆ ಹೆಣೆದುಕೊಂಡಿದೆ. 1894ರಿಂದ 1922ರವರೆಗೆ ಆಳಿದ ಶಾಹೂ ಮಹಾರಾಜರು ಕುಸ್ತಿಗೆ ನೀಡಿದ ಆಶ್ರಯ ಸರ್ವವಿದಿತ. 1902ರ ಯುರೋಪ್ ಪ್ರವಾಸದಲ್ಲಿ ರೋಮಿನ ರಂಗಮಂಡಲವನ್ನು ಕಂಡ ಅವರ ಕನಸೇ 1912ರಲ್ಲಿ ಖಾಸಬಾಗ ಮೈದಾನವಾಗಿ ಸಾಕಾರಗೊಂಡಿತು. ಗಡಿಯ ಈಚೆಗಿನ ಹಳ್ಳಿಗಳ ಹುಡುಗರು ಆ ಮಣ್ಣಿಗಿಳಿಯುವ ಆಸೆಯಿಂದ ಕೊಲ್ಹಾಪುರದ ತಾಲೀಮುಗಳನ್ನು ಸೇರುತ್ತಿದ್ದರು. ಭಾಷಾವಾರು ಗಡಿಗಳು ಈ ಸಂಬಂಧವನ್ನು ಕಡಿಯಲಿಲ್ಲ. ‘ವಸ್ತಾದ’, ‘ತಾಲೀಮು’, ‘ಖುರಾಕು’ ಎಂಬ ಪದಗಳು ಇಂದಿಗೂ ಎರಡೂ ಕಡೆ ಸಮಾನವಾಗಿ ಚಲಾವಣೆಯಲ್ಲಿವೆ.

ಈ ತಾಲೀಮುಗಳಲ್ಲಿ ಶ್ರಮಕ್ಕಿರುವಷ್ಟೇ ಖಚಿತವಾದ ಕ್ರಮ ಶ್ರಮಪರಿಹಾರಕ್ಕೂ ಇದೆ. ಬೆಳಗಿನ ಜಾವ ಅಖಾಡದ ಮಣ್ಣನ್ನು ಅಗೆದು ಹದಮಾಡುವುದೇ ಮೊದಲ ವ್ಯಾಯಾಮ. ಆ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆರಸಗಳನ್ನು ಬೆರೆಸುತ್ತಾರೆ. ಹನುಮಂತನಿಗೆ ಕೈಮುಗಿದು ಜೋಡಿಗಳು ಸೆಣಸಲು ಇಳಿಯುತ್ತವೆ. ಬಳಿಕ ಮೈಗೆ ಮಣ್ಣನ್ನು ತಿಕ್ಕಿಕೊಂಡು ಬೆವರು ಆರುವವರೆಗೆ ಕೂಡುವುದು, ಕಿರಿಯರು ಹಿರಿಯರಿಗೆ ಮಾಲೀಸು ಮಾಡುವುದು, ಅನಂತರ ಸ್ನಾನ. ಕೊನೆಗೆ ಬಾದಾಮಿ ಅರೆದು ಹಾಲಿನಲ್ಲಿ ಕದಡಿದ ಥಂಡಾಯಿ. ಬನಾರಸಿನ ಅಖಾಡಗಳನ್ನು ಅಧ್ಯಯನ ಮಾಡಿದ ಜೋಸೆಫ್ ಆಲ್ಟರ್ ಅವರು 1992ರಲ್ಲಿ ಪ್ರಕಟಿಸಿದ ‘ದಿ ರೆಸ್ಲರ್ಸ್ ಬಾಡಿ’ ಎಂಬ ಕೃತಿಯಲ್ಲಿಯೂ ಮಣ್ಣು, ಮರ್ದನ, ಹಾಲು, ತುಪ್ಪ, ಬಾದಾಮಿಗಳೇ ಪೈಲವಾನನ ದೇಹವನ್ನು ಕಟ್ಟುವ ದ್ರವ್ಯಗಳಾಗಿ ಕಾಣಿಸುತ್ತವೆ. ದಕ್ಷಿಣದ ಮೈಸೂರಿನ ಜಟ್ಟಿಗಳೂ ಈ ಮಾತಿಗೆ ಹೊರತಲ್ಲ. ಮಲ್ಲವಿದ್ಯೆಯ ಜೊತೆಗೆ ಮೂಳೆ ಕಟ್ಟುವುದರಲ್ಲಿಯೂ ಅವರು ನಿಷ್ಣಾತರೆಂಬುದನ್ನು 1909ರಲ್ಲಿ ಎಡ್ಗರ್ ಥರ್ಸ್ಟನ್ ದಾಖಲಿಸಿದ್ದಾನೆ. ಕಲಿಸುವ ಕೈಯೇ ಗುಣಪಡಿಸುವ ಕೈಯೂ ಆಗಿತ್ತು.

ಈ ಸಂದರ್ಭದಲ್ಲಿ ಭಾಷೆಯ ಸಾಕ್ಷ್ಯವನ್ನೂ ಪರಿಗಣಿಸಬೇಕು. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ‘ತಂಪು’ ಮತ್ತು ‘ಥಂಡಿ’ ಎಂಬವು ಸಮಾನಾರ್ಥಕಗಳಲ್ಲ. ತಂಪು ಹಿತಕರ, ಮಜ್ಜಿಗೆ ತಂಪು, ಬೇವಿನ ನೆರಳು ತಂಪು, ಒಳ್ಳೆಯ ಮಾತಿನಿಂದ ಹೊಟ್ಟೆ ತಂಪು. ಥಂಡಿಯಾದರೋ ‘ಹತ್ತುವಂಥದ್ದು’, ಅಂದರೆ ಬೇನೆ. ಕುಸ್ತಿಯ ಶಾಖವನ್ನು ಇಳಿಸುವ ಕೆಲಸವನ್ನು ಗರಡಿಯು ತಂಪಿಗೆ ಒಪ್ಪಿಸಿತ್ತು. ಥಂಡಾಯಿಯು ಹೆಸರಿನಲ್ಲಿ ಥಂಡಿಯ ಬಂಧುವಾದರೂ ಗುಣದಲ್ಲಿ ತಂಪಿನ ಪಾನೀಯ. ಬೆವರಿದ ಮೈಗೆ ಒಮ್ಮೆಲೇ ತಣ್ಣೀರು ತಾಗಿಸಬಾರದೆಂಬ ಮನೆಮನೆಯ ಎಚ್ಚರಿಕೆಯೂ ಇದೇ ವಿವೇಕದ ಭಾಗ.

ನೀರು ಎಷ್ಟು ತಣ್ಣಗಿತ್ತು?

ಭೌತಿಕ ಪರಿಸ್ಥಿತಿಯೂ ಇದೇ ತೀರ್ಮಾನವನ್ನು ಬೆಂಬಲಿಸುತ್ತದೆ. ಏಕಸಂಬಿಯ ಬಳಿ ಹರಿಯುವ ದೂಧಗಂಗೆಯು ಸಹ್ಯಾದ್ರಿಯಲ್ಲಿ ಹುಟ್ಟಿ ಕೃಷ್ಣೆಯನ್ನು ಕೂಡುತ್ತದೆ. ಇದು ಮಳೆಯ ನದಿ, ಹಿಮದ ನದಿಯಲ್ಲ. ಬಾವಿಯ ನೀರಿನ ಉಷ್ಣತೆಯು ಸಾಮಾನ್ಯವಾಗಿ ಆ ಸ್ಥಳದ ವಾರ್ಷಿಕ ಸರಾಸರಿ ವಾಯುಉಷ್ಣತೆಗೆ ಸಮೀಪವಾಗಿರುತ್ತದೆ. ಈ ಬಯಲುಸೀಮೆಯಲ್ಲಿ ಅದು 20 ಡಿಗ್ರಿ ಸೆಲ್ಸಿಯಸ್‌ಗಿಂತ ಸಾಕಷ್ಟು ಮೇಲಿದೆ. ಇಂದಿನ ಪ್ರಯೋಗಗಳಲ್ಲಿ ಬಳಸುವ ನೀರು ಬಹುತೇಕ 10ರಿಂದ 15 ಡಿಗ್ರಿಯದು. ಅಷ್ಟು ತಣ್ಣನೆಯ ನೀರಿಗೆ ಈ ನಾಡಿನಲ್ಲಿ ಮಂಜುಗಡ್ಡೆಯೇ ಬೇಕು. ಅಮೆರಿಕದ ಮಂಜುಗಡ್ಡೆ ಹಡಗಿನಲ್ಲಿ ಕಲಕತ್ತೆಗೆ ಮೊದಲು ಬಂದದ್ದು 1833ರಲ್ಲಿ; ಅದೂ ಶ್ರೀಮಂತರ ಪಾನೀಯಕ್ಕಾಗಿ. ಹಳ್ಳಿಯ ಪೈಲವಾನನ ಕೈಗೆ ಅದು ಎಟುಕುವಂತಿರಲಿಲ್ಲ. ಆದುದರಿಂದ ಹೊಳೆಯ ಈಸು ಮತ್ತು ಬಾವಿಯ ಸ್ನಾನ ಎರಡೂ ಶೀತಜಲ ಮಜ್ಜನದ ವರ್ಗಕ್ಕೆ ಸೇರುವುದಿಲ್ಲ.

ಆಧುನಿಕ ಸಂಶೋಧನೆಯ ನಿಲುವು

ಕಠಿಣ ವ್ಯಾಯಾಮದ ಮರುದಿನ ಕಾಣಿಸಿಕೊಳ್ಳುವ ಮೈನೋವನ್ನು 1902ರಲ್ಲಿ ಥಿಯೊಡೋರ್ ಹಫ್ ಎಂಬ ಅಮೆರಿಕದ ಶರೀರವಿಜ್ಞಾನಿ ದಣಿವಿನಿಂದ ಬೇರ್ಪಡಿಸಿ ವಿವರಿಸಿದನು. ಈ ನೋವು 24ರಿಂದ 72 ಗಂಟೆಗಳ ನಡುವೆ ತಾರಕಕ್ಕೇರುತ್ತದೆ. ಸ್ನಾಯು ಹಿಗ್ಗುತ್ತಲೇ ಭಾರವನ್ನು ತಡೆಯಬೇಕಾದಾಗ ಅದರ ಎಳೆಗಳಲ್ಲಿ ಸೂಕ್ಷ್ಮ ಹಾನಿಯಾಗುವುದು ಇದಕ್ಕೆ ಮುಖ್ಯ ಕಾರಣ. ಬೈಠಕ್ ಹೊಡೆಯುವಾಗ ಕೆಳಗಿಳಿಯುವ ಚಲನೆಯಲ್ಲಿ ತೊಡೆಯ ಸ್ನಾಯುಗಳಿಗೆ ಒದಗುವ ಕೆಲಸ ಇಂಥದ್ದೇ.

ತಣ್ಣೀರು ರಕ್ತನಾಳಗಳನ್ನು ಕುಗ್ಗಿಸಿ, ನರಸಂವೇದನೆಯ ವೇಗವನ್ನು ತಗ್ಗಿಸುವುದರಿಂದ ನೋವು ಕಡಿಮೆಯೆನಿಸುತ್ತದೆ. 2002ರಲ್ಲಿ ಮ್ಯೂನಿಕ್‌ನ ಯುರೋಪಿಯನ್ ಕ್ರೀಡಾಕೂಟದ ಸಂದರ್ಭದಲ್ಲಿ ಓಟಗಾರ್ತಿ ಪೌಲಾ ರ‍್ಯಾಡ್‌ಕ್ಲಿಫ್ ಇದನ್ನು ಬಳಸಿದ ಸುದ್ದಿಯಿಂದ ಪದ್ಧತಿ ಜನಪ್ರಿಯವಾಯಿತು. 2012ರ ಕಾಕ್ರೇನ್ ಸಮೀಕ್ಷೆಯು 366 ಜನರನ್ನೊಳಗೊಂಡ 17 ಸಣ್ಣ ಪ್ರಯೋಗಗಳನ್ನು ಪರಿಶೀಲಿಸಿ, ಸುಮ್ಮನೆ ವಿಶ್ರಮಿಸುವುದಕ್ಕಿಂತ ಶೀತಜಲ ಮಜ್ಜನದಿಂದ ಮೈನೋವು ಕಡಿಮೆಯಾಗುವುದೆಂದು ಕಂಡಿತು. ಆದರೆ 2015ರಲ್ಲಿ ‘ಜರ್ನಲ್ ಆಫ್ ಫಿಸಿಯಾಲಜಿ’ಯಲ್ಲಿ ಪ್ರಕಟವಾದ ರಾಬರ್ಟ್ಸ್ ಮತ್ತು ಸಂಗಡಿಗರ 12 ವಾರಗಳ ಅಧ್ಯಯನವು, ಭಾರ ಎತ್ತುವ ಅಭ್ಯಾಸದ ನಂತರ ಪ್ರತಿಸಲವೂ ತಣ್ಣೀರಿನಲ್ಲಿ ಮುಳುಗಿದವರಲ್ಲಿ ಸ್ನಾಯುಗಳ ಗಾತ್ರ ಮತ್ತು ಬಲದ ವೃದ್ಧಿ ಕುಂಠಿತವಾದುದನ್ನು ತೋರಿಸಿತು. ನೋವನ್ನು ಶಮನಗೊಳಿಸುವ ಶೀತವೇ ದೇಹವು ಹಾನಿಯನ್ನು ಸರಿಪಡಿಸಿಕೊಂಡು ಬಲಗೊಳ್ಳುವ ಕ್ರಿಯೆಗೂ ಅಡ್ಡಿಯಾಗಬಲ್ಲದು. ಹೃದ್ರೋಗ, ರಕ್ತದೊತ್ತಡ ಇದ್ದವರಿಗೆ ಹಠಾತ್ ಶೀತದ ಆಘಾತವು ಅಪಾಯಕಾರಿ ಎಂಬುದೂ ಗಮನಾರ್ಹ.

ಈ ಎರಡು ಫಲಿತಾಂಶಗಳು ಪರಸ್ಪರ ವಿರೋಧಿಗಳಲ್ಲ. ಅವು ಎರಡು ಬೇರೆ ಅಗತ್ಯಗಳನ್ನು ಸೂಚಿಸುತ್ತವೆ. ಮ್ಯಾಟಿನ ಕುಸ್ತಿಯಲ್ಲಿ ಸ್ಪರ್ಧಿಯು ಒಂದೇ ದಿನ ಹಲವು ಸಲ ಸೆಣಸಬೇಕು. 2018ರ ನಿಯಮದಂತೆ ಒಂದು ತೂಕವರ್ಗದ ಸ್ಪರ್ಧೆ ಎರಡು ದಿನ ನಡೆಯುತ್ತದೆ. ಅಲ್ಲಿ ನಾಳೆಗೆ ಮೈ ಹಗುರವಾಗುವುದೇ ಮುಖ್ಯ. ಜಾತ್ರೆಯ ಕುಸ್ತಿಯ ಲೆಕ್ಕ ಬೇರೆ. ಜೋಡಿ ಮೊದಲೇ ಗೊತ್ತಾಗಿರುತ್ತದೆ. ನಿಕಾಲಿ ಕುಸ್ತಿಯಾದರೆ ಬೆನ್ನು ಮಣ್ಣಿಗೆ ಹತ್ತುವವರೆಗೆ ಸೆಣಸಾಟ. ಅಲ್ಲಿಗೆ ಆ ದಿನದ ಕೆಲಸ ಮುಗಿಯಿತು. ತಿಂಗಳುಗಟ್ಟಲೆ ಬಲವನ್ನು ಕೂಡಿಸಿ ಒಂದು ಗಳಿಗೆಗೆ ಒಡ್ಡುವ ಈ ಪದ್ಧತಿಯಲ್ಲಿ ಆತುರದ ಚೇತರಿಕೆಗಿಂತ ನಿಧಾನವಾದ ಬಲವರ್ಧನೆಯೇ ಹಿರಿದಾಗಿತ್ತು.

ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಕನ್ನಡನಾಡಿನ ಮಲ್ಲಪರಂಪರೆಯಲ್ಲಿ ನೀರಿಗೆ ಸ್ಥಾನವಿತ್ತು. ಆದರೆ ಅದು ದುಡಿಮೆಯ ನೀರು ಅಥವಾ ಶುಚಿಯ ನೀರು, ಶೀತಚಿಕಿತ್ಸೆಯ ನೀರಲ್ಲ. ಚೇತರಿಕೆಯ ಭಾರವನ್ನು ಮಿತಿ, ಮಣ್ಣು, ಮಾಲೀಸು, ನಿದ್ರೆ, ಖುರಾಕುಗಳು ಹೊತ್ತಿದ್ದವು. ಇಂದಿನ ವಿಜ್ಞಾನದ ಒಂದು ಫಲಿತಾಂಶವು ಈ ಕ್ರಮಕ್ಕೆ ಒಪ್ಪುತ್ತದೆಂಬ ಕಾರಣಕ್ಕೆ, ಗರಡಿಯವರು ಆ ವಿಜ್ಞಾನವನ್ನು ಮೊದಲೇ ಬಲ್ಲವರಾಗಿದ್ದರೆಂದು ಹೇಳುವುದೂ ಸಲ್ಲದು. ಅವರು ಬಲ್ಲದ್ದು ತಮ್ಮ ಹವೆಯನ್ನು, ತಮ್ಮ ಕುಸ್ತಿಯ ಸ್ವರೂಪವನ್ನು, ತಮ್ಮ ಶಿಷ್ಯರ ಮೈಯನ್ನು.

ಇಲ್ಲದ ಶೀತಜಲ ಮಜ್ಜನವನ್ನು ಪರಂಪರೆಗೆ ಆರೋಪಿಸಿದಾಗ, ಅಲ್ಲಿ ನಿಜವಾಗಿ ಇದ್ದ ಜ್ಞಾನ ಮರೆಗೆ ಸರಿಯುತ್ತದೆ. ಯಾವ ಪೆಟ್ಟಿಗೆ ಯಾವ ಮಾಲೀಸು, ಎಷ್ಟು ಬೆವರಿಗೆ ಎಷ್ಟು ವಿಶ್ರಾಂತಿ ಎಂಬುದು ಗ್ರಂಥಗಳಲ್ಲಿಲ್ಲ. ಅದು ಹಿರಿಯ ವಸ್ತಾದರ ಕೈಬೆರಳುಗಳಲ್ಲಿದೆ. ಖಂಚನಾಳೆಯವರ ತಲೆಮಾರು ಒಬ್ಬೊಬ್ಬರಾಗಿ ಅಗಲುತ್ತಿರುವಾಗ, ಏಕಸಂಬಿಯಂತಹ ಊರುಗಳ ಗರಡಿಗಳಲ್ಲಿ ಕುಳಿತು ಈ ತಿಳಿವಳಿಕೆಯನ್ನು ದಾಖಲಿಸುವುದು ಸಂಶೋಧಕರ ಮುಂದಿರುವ ತುರ್ತು ಕರ್ತವ್ಯವಾಗಿದೆ.