ಸರ್ಕಾರಿ ನೌಕರ ಮತ್ತು ಚುನಾವಣೆ: ರಾಯ್‌ಬರೇಲಿ ಪ್ರಕರಣದ ಚಾರಿತ್ರಿಕ ಮಹತ್ವ

ಉಂಡ ಮನೆಗೆ ಎರಡು ಬಗೆಯಬಾರದೆಂಬುದು ನಮ್ಮ ಜನಪದರು ಬಾಳಿನಿಂದ ಕಂಡುಕೊಂಡ ನೀತಿ. ಅರಸೊತ್ತಿಗೆಯಲ್ಲಿ ಉಪ್ಪಿನ ಋಣ ಒಡೆಯನಿಗೆ ಸಲ್ಲುತ್ತಿತ್ತು. ಪ್ರಜಾಪ್ರಭುತ್ವದಲ್ಲಿ ಆಳುವ ಪಕ್ಷ ಬದಲಾಗುತ್ತದೆ. ನೌಕರನ ಸಂಬಳ ಮಾತ್ರ ಸಾರ್ವಜನಿಕ ಬೊಕ್ಕಸದಿಂದಲೇ ಬರುತ್ತದೆ. ಹೀಗಾಗಿ ಅವನ ನಿಷ್ಠೆ ಯಾರಿಗೆ ಸಲ್ಲಬೇಕೆಂಬ ಪ್ರಶ್ನೆಗೆ ಸ್ವತಂತ್ರ ಭಾರತದ ಕಾನೂನು ಉತ್ತರ ಕಂಡುಕೊಳ್ಳಬೇಕಾಯಿತು.

1964ರ ಕೇಂದ್ರ ನಾಗರಿಕ ಸೇವಾ (ನಡತೆ) ನಿಯಮಗಳ 5ನೆಯ ನಿಯಮವು ನೌಕರನು ರಾಜಕೀಯ ಪಕ್ಷದ ಸದಸ್ಯನಾಗುವುದನ್ನೂ ಚುನಾವಣೆಯಲ್ಲಿ ಪ್ರಚಾರ ಮಾಡುವುದನ್ನೂ ನಿಷೇಧಿಸುತ್ತದೆ. ಅವನು ಮತ ನೀಡಬಹುದು. ಯಾರಿಗೆಂಬ ಸುಳಿವು ನೀಡುವಂತಿಲ್ಲ. ಮೈಮೇಲೆ, ವಾಹನದಲ್ಲಿ ಅಥವಾ ಮನೆಯಲ್ಲಿ ಚುನಾವಣಾ ಚಿಹ್ನೆಯನ್ನು ಪ್ರದರ್ಶಿಸುವುದೂ ಪ್ರಭಾವ ಬೀರಿದಂತೆಯೇ. ಮಾತಿನಷ್ಟೇ ಲಾಂಛನಕ್ಕೂ ಶಕ್ತಿಯಿದೆಯೆಂಬ ಅರಿವು ಈ ನಿಯಮದಲ್ಲಿ ಅಡಗಿರುವುದು ಗಮನಾರ್ಹ.

ಈ ನಿರ್ಬಂಧ ನೌಕರನಿಗಷ್ಟೇ ಸೀಮಿತವಲ್ಲ. 1951ರ ಪ್ರಜಾಪ್ರತಿನಿಧಿತ್ವ ಅಧಿನಿಯಮದ 123(7)ನೆಯ ಪ್ರಕರಣದಂತೆ, ಗೆಲುವಿಗಾಗಿ ಕೆಲವು ವರ್ಗಗಳ ಸರ್ಕಾರಿ ನೌಕರರ ನೆರವು ಪಡೆಯುವುದು ಅಭ್ಯರ್ಥಿಯ ಭ್ರಷ್ಟಾಚರಣೆ. 1971ರ ರಾಯ್‌ಬರೇಲಿ ಚುನಾವಣೆಯಲ್ಲಿ ಈ ವಿಧಿ ಒರೆಗೆ ಬಂದಿತು. ಪ್ರಧಾನಿ ಇಂದಿರಾ ಗಾಂಧಿಯವರ ಸಚಿವಾಲಯದಲ್ಲಿ ವಿಶೇಷಾಧಿಕಾರಿಯಾಗಿದ್ದ ಯಶಪಾಲ್ ಕಪೂರ್ ಜನವರಿ 13ರಂದು ರಾಜೀನಾಮೆ ಸಲ್ಲಿಸಿದ್ದರು. ಅದನ್ನು 14ರಿಂದ ಜಾರಿಗೊಳಿಸಿದ ಅಧಿಸೂಚನೆಯ ದಿನಾಂಕ ಜನವರಿ 25. ಈ ನಡುವಣ ದಿನಗಳಲ್ಲಿ ಅವರು ನೌಕರರೋ ಅಲ್ಲವೋ? ನೌಕರರೇ ಎಂದು ಅಲಹಾಬಾದ್ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಜಗಮೋಹನ್ ಲಾಲ್ ಸಿನ್ಹಾ ನಿರ್ಣಯಿಸಿದರು. ವೇದಿಕೆ, ಧ್ವನಿವರ್ಧಕಗಳ ವ್ಯವಸ್ಥೆಗೆ ರಾಜ್ಯದ ಅಧಿಕಾರಿಗಳ ನೆರವು ಪಡೆದುದನ್ನೂ ದೋಷವೆಂದು ಪರಿಗಣಿಸಿ, 1975ರ ಜೂನ್ 12ರಂದು ಆ ಆಯ್ಕೆಯನ್ನು ಅಸಿಂಧುಗೊಳಿಸಿದರು.

ಅದೇ ತಿಂಗಳ 25ರಂದು ತುರ್ತುಪರಿಸ್ಥಿತಿ ಘೋಷಣೆಯಾಯಿತು. ಆಗಸ್ಟ್‌ನಲ್ಲಿ ಸಂಸತ್ತು ಅಧಿನಿಯಮವನ್ನು ಪೂರ್ವಾನ್ವಯವಾಗಿ ತಿದ್ದಿತು: ರಾಜೀನಾಮೆಗೆ ರಾಜಪತ್ರದಲ್ಲಿ ನಮೂದಾದ ಜಾರಿ ದಿನಾಂಕವೇ ಅಂತಿಮವಾಯಿತು, 'ಅಭ್ಯರ್ಥಿ' ಪದದ ವ್ಯಾಖ್ಯೆಯೂ ಬದಲಾಯಿತು. ಈ ತಿದ್ದುಪಡಿಗಳ ಬಲದಿಂದ ಸರ್ವೋಚ್ಚ ನ್ಯಾಯಾಲಯ ನವೆಂಬರ್ 7ರಂದು ಆಯ್ಕೆಯನ್ನು ಎತ್ತಿಹಿಡಿಯಿತು.

ನೌಕರನ ತಾಟಸ್ಥ್ಯವನ್ನು ಕೇವಲ ಕಚೇರಿಯ ಶಿಸ್ತೆಂದು ಕಾಣಲಾಗದೆಂಬುದಕ್ಕೆ ಈ ಪ್ರಕರಣ ಸಾಕ್ಷಿ. ನಿಯಮ ಮುರಿದವನನ್ನು ಶಿಕ್ಷಿಸುವುದು ಸುಲಭ. ನಿಯಮವನ್ನೇ ಹಿಂದಿನಿಂದ ತಿದ್ದಬಲ್ಲ ಅಧಿಕಾರವನ್ನು ಅಂಕೆಯಲ್ಲಿಡುವುದು ಕಠಿಣ. ಬೊಕ್ಕಸದ ಉಪ್ಪು ಪ್ರಜೆಯದು ಎಂಬ ವಿವೇಕಕ್ಕೆ ನೌಕರನಷ್ಟೇ ಆಳುವವನೂ ಬದ್ಧನಾಗಿದ್ದಾಗ ಮಾತ್ರ ಈ ನಿರ್ಬಂಧಗಳಿಗೆ ನ್ಯಾಯದ ಬಲ ಒದಗುತ್ತದೆ.