ತಕ್ಕಡಿಯಲ್ಲಿ ಉಳಿದ ಗರ್ಭದ ಕತೆ

ನಮ್ಮ ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ಬೆಟ್ಟ ಹತ್ತುವಾಗ ಏದುಸಿರು ಬರುವುದು ಕಾಲಿನ ದುಡಿಮೆಗೆ. ಅಲ್ಲಿ ಗಾಳಿಗೇನೂ ಬರವಿಲ್ಲ. ಆಮ್ಲಜನಕದ ನಿಜವಾದ ಬರವನ್ನು ನಾವೆಲ್ಲ ಕಂಡಿದ್ದು ಹುಟ್ಟುವ ಮೊದಲು. ಕೇಂಬ್ರಿಡ್ಜ್‌ನ ಜೋಸೆಫ್ ಬಾರ್‌ಕ್ರಾಫ್ಟ್ 1921–22ರಲ್ಲಿ ಪೆರು ದೇಶದ ಸೆರ್ರೊ ದೆ ಪಾಸ್ಕೊದಲ್ಲಿ, ನಾಲ್ಕು ಸಾವಿರ ಮೀಟರಿಗೂ ಮೇಲೆ, ಮನುಷ್ಯರ ರಕ್ತವನ್ನು ಪರೀಕ್ಷಿಸಿದರು. ಮುಂದೆ ಅವರು ಕುರಿಗಳ ಗರ್ಭದತ್ತ ತಿರುಗಿದರು. ‘ಗರ್ಭದೊಳಗಿನ ಎವರೆಸ್ಟ್’ ಎಂಬ ಮಾತು ಶರೀರವಿಜ್ಞಾನದಲ್ಲಿ ಬಳಕೆಗೆ ಬಂದದ್ದು ಆ ಹಾದಿಯಲ್ಲಿ.

ದೊಡ್ಡವರ ಅಪಧಮನಿಯಲ್ಲಿ ಆಮ್ಲಜನಕದ ಒತ್ತಡ ನೂರು ಮಿ.ಮೀ. ಪಾದರಸದ ಹತ್ತಿರವಿದ್ದರೆ, ಹೊಕ್ಕುಳಬಳ್ಳಿಯಿಂದ ಮಗುವಿಗೆ ಬರುವ ರಕ್ತದಲ್ಲಿ ಸುಮಾರು 30 ಮಾತ್ರ. ಅಷ್ಟರಲ್ಲೇ ಭ್ರೂಣ ಸಂಸಾರ ನಡೆಸುತ್ತದೆ. ಅದರ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಹೃದಯ ಕೊಬ್ಬಿನ ಬದಲು ಮುಖ್ಯವಾಗಿ ಗ್ಲೂಕೋಸ್ ಮತ್ತು ಲ್ಯಾಕ್ಟೇಟನ್ನು ಉರಿಸುತ್ತದೆ. ಮೇಲಿನ ಎರಡು ಕೋಣೆಗಳ ನಡುವಿನ ಕಿಂಡಿಯಿಂದ ಒಳ್ಳೆಯ ರಕ್ತ ನೇರವಾಗಿ ಎಡಕ್ಕೆ ದಾಟಿ, ಮೊದಲು ಹೃದಯಕ್ಕೂ ಮಿದುಳಿಗೂ ಸಲ್ಲುತ್ತದೆ. ದಿನ ತುಂಬುತ್ತಿರುವ ಮಗುವಿಗೆ ಇನ್ನೂ ಕೊರತೆಯಾದರೆ ಬಡಿತ ನಿಧಾನವಾಗುತ್ತದೆ. ಕೈಕಾಲಿನ ರಕ್ತನಾಳ ಬಿಗಿದು ಮಿದುಳು, ಹೃದಯಗಳ ಪಾಲು ಉಳಿಯುತ್ತದೆ. ಕೊರತೆ ತಿಂಗಳುಗಟ್ಟಲೆ ಮುಂದುವರಿದರೆ ಮೈ ಬೆಳೆಯುವುದು ಕುಂಠಿತವಾಗುತ್ತದೆ.

ಈ ಉಳಿತಾಯದ ಸಾಲ ಮುಂದೆ ತೀರಿಸಬೇಕಾಗುತ್ತದೆಯೇ? ಇಂಗ್ಲೆಂಡಿನ ಡೇವಿಡ್ ಬಾರ್ಕರ್ 1989ರಲ್ಲಿ, ಹುಟ್ಟಿದಾಗ ತೂಕ ಕಡಿಮೆಯಿದ್ದವರಲ್ಲಿ ಹೃದಯದ ಕಾಯಿಲೆಯ ಸಾವು ಹೆಚ್ಚು ಎಂದು ತೋರಿಸಿದರು. ಭಾರತದಲ್ಲಿ ಇದಕ್ಕೆ ಉತ್ತರ ಸಿಕ್ಕಿದ್ದು ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ. ಜನರ ಬಾಯಲ್ಲಿ ಅದು ಮಿಷನ್ ಆಸ್ಪತ್ರೆ. 1934ರಿಂದ ಅಲ್ಲಿ ಹೆರಿಗೆಯಾದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ದಫ್ತರದಲ್ಲಿ ಉಳಿದಿದ್ದವು. 1934–54ರ ನಡುವೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದ ವರದಿ 1996ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಹೃದಯದ ರಕ್ತನಾಳದ ಕಾಯಿಲೆ ಶೇ. 11, 3.1 ಕಿಲೋಗೂ ಮೇಲಿದ್ದವರಲ್ಲಿ ಶೇ. 3.

ತಕ್ಕಡಿ ಕಾರಣ ಹೇಳುವುದಿಲ್ಲ. ಊಟದ ಕೊರತೆ, ತಾಯಿಯ ರಕ್ತಹೀನತೆ, ಮಾಸಿನ ಸೋಲು, ಎಲ್ಲವೂ ಆ ಒಂದು ಅಂಕಿಯೊಳಗೆ ಕೂತಿವೆ. ಇತಿಹಾಸದ ವಿದ್ಯಾರ್ಥಿಯಾದ ನನಗೆ ಕಾಡುವುದು ದಫ್ತರ ಸೇರದವರು. ಆ ಕಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದವರನ್ನು ತೂಗಿದವರು ಯಾರು? ಪಿರಿಯಾಪಟ್ಟಣ, ಹುಣಸೂರಿನ ಕಡೆ ಹೊಗೆಸೊಪ್ಪು ಬಂದ ಮೇಲೆ ಲೆಕ್ಕ ಇನ್ನೂ ತೊಡಕಾಯಿತು. ಹಸಿ ಎಲೆಯ ನಿಕೋಟಿನ್ ಚರ್ಮದ ಮೂಲಕ ರಕ್ತಕ್ಕಿಳಿಯುತ್ತದೆ, ಮಾಸನ್ನೂ ದಾಟುತ್ತದೆ. ಸೌದೆಯ ಹೊಗೆಯ ಕಾರ್ಬನ್ ಮಾನಾಕ್ಸೈಡ್ ಆಮ್ಲಜನಕದ ಜಾಗವನ್ನೇ ಕಸಿಯುತ್ತದೆ. ಬ್ಯಾರನ್ನಿನ ಲೆಕ್ಕದ ಪುಸ್ತಕದಲ್ಲಿ ಸೊಪ್ಪಿನ ತೂಕವಿರುತ್ತದೆ, ಅದನ್ನು ಮುರಿದ ಬಸುರಿಯ ಮಗುವಿನ ತೂಕವಲ್ಲ. ಅದು ಇರುವುದು ಅವಳ ತಾಯಿ ಕಾರ್ಡಿನಲ್ಲಿ. ಹೆರಿಗೆ ಮುಗಿಯಿತೆಂದು ಅದನ್ನು ಎಸೆಯಬೇಡಿ. ಐವತ್ತು ವರ್ಷದ ನಂತರ ಯಾವ ವೈದ್ಯರಾದರೂ ಅದನ್ನು ಕೇಳಬಹುದು.