ಕಲ್ಕತ್ತೆಯ ಮೂಳೆ ಪೇಟೆ

ನಮ್ಮ ಕಾಲದ ಮೆಡಿಕಲ್ ವಿದ್ಯಾರ್ಥಿಗೆ ಮೊದಲ ದೊಡ್ಡ ಖರ್ಚೆಂದರೆ ಸೀನಿಯರ್ ಒಬ್ಬರಿಂದ ಕೊಳ್ಳುವ ಬೋನ್ ಸೆಟ್, ಅಂದರೆ ಮನುಷ್ಯರ ನಿಜ ಮೂಳೆಗಳು. ನನ್ನದು ಮನೆಯ ಅಟ್ಟದ ಟ್ರಂಕಿನಲ್ಲಿತ್ತು. ಗೊತ್ತಾದ ಮೇಲೆ ಅಮ್ಮ ಅಟ್ಟ ಹತ್ತುವುದನ್ನೇ ಬಿಟ್ಟರು.

ತೋಳಿನ ಮೂಳೆ ಹ್ಯೂಮರಸ್ ಕೈಗೆ ಬಂದರೆ ಮೊದಲ ಪ್ರಶ್ನೆ: ಎಡದ್ದೋ, ಬಲದ್ದೋ? ಗುಂಡುತಲೆ ಮೇಲೆ, ಒಳಮುಖವಾಗಿರಬೇಕು. ಕೆಳತುದಿಯ ಆಳದ ಗುಳಿ ಹಿಂದಕ್ಕೆ. ಹಿಂಬದಿಯಲ್ಲಿ ಹೆಬ್ಬೆರಳು ಜಾರಿಸಿದರೆ ಓರೆಯಾಗಿ ಇಳಿಯುವ ತೆಳು ತಗ್ಗೊಂದು ಸಿಗುತ್ತದೆ. ರೇಡಿಯಲ್ ನರ ಹಾಯುವುದು ಅಲ್ಲೇ. ಅಲ್ಲಿ ಮುರಿದರೆ ಮಣಿಕಟ್ಟು ಜೋತುಬೀಳಬಹುದು.

ದೇಹದಲ್ಲಿ ಮೂಳೆಗಳೆಷ್ಟು? ಸುಶ್ರುತ ಸಂಹಿತೆಯ ಲೆಕ್ಕ 300, ಚರಕನದು 360, ನಮ್ಮದು 206. ಅವರು ಹಲ್ಲು, ಮೃದ್ವಸ್ಥಿಗಳನ್ನೂ ಸೇರಿಸಿದ್ದರು, ತಪ್ಪೆನ್ನಲಾರೆ.

ಕಲಿಕೆಯ ಮೂಳೆಗಳ ಹಿಂದೆ ಇನ್ನೊಂದು ಕಥೆಯಿದೆ. 1836ರಲ್ಲಿ ಕಲ್ಕತ್ತೆಯ ಮೆಡಿಕಲ್ ಕಾಲೇಜಿನಲ್ಲಿ ವೈದ್ಯ ಮಧುಸೂದನ ಗುಪ್ತ ಶವಚ್ಛೇದ ಮಾಡಿದ್ದನ್ನು ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ಅದೇ ಊರು ಮುಂದೆ ವಿದೇಶಿ ಕಾಲೇಜುಗಳಿಗೆ ಅಸ್ಥಿಪಂಜರ ಪೂರೈಸುವ ಪೇಟೆಯಾಯಿತೆಂಬುದನ್ನು ಹೇಳುವವರು ಕಡಿಮೆ. ವಾರಸುದಾರರಿಲ್ಲದ ಬಡವರ ಹೆಣಗಳು, ಗೋರಿಯಿಂದ ಕದ್ದವೂ ಸಹ. ಶುಚಿಮಾಡಿ, ಬಿಳುಪೇರಿಸಿ, ತಂತಿಯಲ್ಲಿ ಜೋಡಿಸಿ ಕಳಿಸುತ್ತಿದ್ದರು. ಒಪ್ಪಿಗೆ ಯಾರು ಕೇಳಿದರು? 1985ರಲ್ಲಿ ಸರ್ಕಾರ ರಫ್ತು ನಿಷೇಧಿಸಿದ ಮೇಲೆ ಹೊರದೇಶದ ಕಾಲೇಜುಗಳಲ್ಲಿ ಪ್ಲಾಸ್ಟಿಕ್ ಮಾದರಿಗಳ ಬಳಕೆ ಹೆಚ್ಚಿತು.